ಅಡುಗೆಮನೆ ಕಿಟಕಿಯಿಂದ ಒಂಬತ್ತೂವರೆ ಮೈಲಿ

ಸಣ್ಣ ಕೊಲ್ಲಿಯ ದಡದ ನಮ್ಮ ಊರು ಗ್ಯಾನೆಟ್ ಕೋವಿನಲ್ಲಿ ಒಂದು ಕಾಲಕ್ಕೆ ಎಲ್ಲರಿಗಿಂತ ಹೆಚ್ಚು ಕಾಡ್ ಮೀನು ಹಿಡಿದು ತಂದವನು ಅಜರಾಯ ವೋಕಿ. ಎಲ್ಲರಿಗಿಂತ ಸೋಮಾರಿಯೂ ಅವನೇ. ಎರಡೂ ಮಾತು ನಿಜ, ಮೊದಲನೆಯದು ಎರಡನೆಯದರಿಂದಲೇ ಆದದ್ದು. ಇದನ್ನು ಬಲ್ಲ ನಾವು ಈಗಲೂ, ಪಾದ್ರಿಗಳು ಬೆವರು ಸುರಿಸಿ ದುಡಿಯುವುದರ ಬಗ್ಗೆ ಉಪದೇಶ ಶುರುಮಾಡಿದರೆ, ಒಂದು ಸಲ ಕೆಮ್ಮಿ ಬೇರೆ ಕಡೆ ನೋಡುತ್ತೇವೆ.

ಕೆಟ್ಟ ಸೋಮಾರಿಯಲ್ಲ ಪಾಪ. ಕುಡಿತವಿಲ್ಲ, ಜಗಳವಿಲ್ಲ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ದೋಣಿಯ ತಳದಲ್ಲಿ ಹಳೇ ಹಾಯಿಬಟ್ಟೆ ಹಾಸಿಕೊಂಡು, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಒಂದು ಒಳ್ಳೇ ನಿದ್ದೆ. ದಡದಲ್ಲಿ ಅದು ಸಿಗುವಂತಿರಲಿಲ್ಲ. ನಮ್ಮ ಊರಿನಲ್ಲಿ ಹಗಲುಹೊತ್ತು ಮಲಗಿದ ಗಂಡಸು ಕಣ್ಣಿಗೆ ಬಿದ್ದರೆ ಸಂಬಂಧವಿಲ್ಲದವರೂ ಬಂದು ಕೆಲಸ ಹೇಳಿ ಹೋಗುತ್ತಾರೆ. ಕಡಲಿನ ಮೇಲೆ ಸಿಗಬಹುದಿತ್ತು, ಆದರೆ ಅಲ್ಲಿ ಇನ್ನೊಂದು ತೊಂದರೆ. ಅವನ ಹೆಂಡತಿ ಟ್ರೈಫೀನಾಳ ಅಡುಗೆಮನೆ ಕಿಟಕಿ ನೇರವಾಗಿ ಕಡಲಿಗೆ ತೆರೆದಿತ್ತು, ಆ ಕಿಟಕಿಯ ಪಕ್ಕದ ಮೊಳೆಯಲ್ಲಿ ಒಂದು ಹಿತ್ತಾಳೆಯ ದುರ್ಬೀನು ತೂಗುತ್ತಿತ್ತು.

ದುರ್ಬೀನು ಅವಳ ಅಪ್ಪನದು. ಅವನು ಹಡಗಿನ ಯಜಮಾನ. ಒಂದು ಜೂನಿನಲ್ಲಿ ಲ್ಯಾಬ್ರಡಾರಿನ ಕಡೆ ಹೊರಟವನು ತಿರುಗಿ ಬರಲಿಲ್ಲ. ಹೊಸ ದುರ್ಬೀನು ಅವನ ಜೊತೆ ಹೋಯಿತು, ಹಳೆಯದು ಮಗಳಿಗೆ ಉಳಿಯಿತು. ಕೋವಿನಲ್ಲಿ ಕಡಲಿಗೆ ಒಬ್ಬರನ್ನಾದರೂ ಕೊಡದ ಮನೆಯಿಲ್ಲವಾದ್ದರಿಂದ ಅದನ್ನು ಯಾರೂ ದೊಡ್ಡ ಸಂಗತಿಯೆಂದು ಎತ್ತಿ ಆಡುತ್ತಿರಲಿಲ್ಲ.

ಕಡಲು ನೋಡುವುದು ನಮ್ಮ ಹೆಂಗಸರಿಗೆ ಹೊಸದೂ ಅಲ್ಲ. ಗಂಡನ ದೋಣಿ ಕಡಲಿನ ಗೆರೆಯ ಮೇಲೆ ತಲೆಯೆತ್ತಿದ ಕೂಡಲೇ ಒಲೆಗೆ ಸೌದೆ ಹಾಕಿ ಕೆಟಲು ಏರಿಸಬೇಕು. ಅವನು ದೋಣಿ ಕಟ್ಟಲು ಹಗ್ಗ ಎಸೆಯುವ ಹೊತ್ತಿಗೆ ಕಾಕಂಬಿ ಹಾಕಿದ ಚಹಾ ಸಿದ್ಧವಿರಬೇಕು. ಚಹಾ ತಡವಾದ ಮನೆಯ ಸುದ್ದಿ ಮಾರನೇ ದಿನ ಬಾವಿಯ ಹತ್ತಿರ ಇರುತ್ತದೆ. ಆದರೆ ಫೀನಾ ಕೆಟಲಿಗೆ ಬೇಕಾದಷ್ಟಲ್ಲ, ಅದಕ್ಕಿಂತ ತುಂಬ ಹೆಚ್ಚು ನೋಡುತ್ತಿದ್ದಳು. ಹಿಟ್ಟು ನಾದುತ್ತ ನೋಡುತ್ತಿದ್ದಳು, ಕಾಲುಚೀಲ ಹೆಣೆಯುತ್ತ ನೋಡುತ್ತಿದ್ದಳು.

"ದೋಣಿ ಮಧ್ಯಾಹ್ನ ಪೂರ್ತಿ ಒಂದೇ ಕಡೆ ಇತ್ತು. ದೋಣೀಲಿ ಆಳಿರ್ಲಿಲ್ಲ," ಎಂದು ಒಂದು ಸಂಜೆ ಚಹಾ ಬಗ್ಗಿಸುತ್ತ ಕೇಳಿದಳು. "ಎಲ್ಲಿಗ್ ಹೋಗಿದ್ಯಯ್ಯಾ, ನೀರ್ ಮೇಲೆ ನಡ್ಕೊಂಡು?"

"ಬಗ್ಗಿ ಗಾಳ ಬಿಡಿಸ್ತಿದ್ದೆ ಕಣೆ."

"ಮೂರ್ ಗಂಟೆ ಬಗ್ಗಿದ್ಯಾ? ಬೆನ್ನಿಗೆ ಎಣ್ಣೆ ತಿಕ್ಲಾ?"

ಅಜರಾಯ ಉಪ್ಪುಮೀನು, ನೆನೆಸಿದ ಗಟ್ಟಿ ಬ್ರೆಡ್ಡು ತಿಂದು ಎದ್ದ.

ಆ ಚಳಿಗಾಲದಲ್ಲಿ ಶಾಲೆಯ ಮೇಷ್ಟರು ದೊಡ್ಡವರಿಗೆ ಸಂಜೆ ಪಾಠ ಇಟ್ಟರು, ಹಡಗು ನಡೆಸುವ ಪರೀಕ್ಷೆಗೆ ಕೂರುವವರಿಗೆಂದು. ಶಾಲೆಯಲ್ಲಿ ಒಳ್ಳೇ ಒಲೆ ಇತ್ತು, ಆದ್ದರಿಂದ ಅಜರಾಯನೂ ಹೋಗಿ ಹಿಂದಿನ ಬೆಂಚಿನಲ್ಲಿ ತೂಕಡಿಸಿದ. ಇಡೀ ಚಳಿಗಾಲದಲ್ಲಿ ಅವನು ಕಣ್ಣು ಬಿಟ್ಟದ್ದು ಒಂದೇ ಸಲ. "ಕಣ್ಣು ನೀರಿನ ಮೇಲೆ ಎಷ್ಟು ಅಡಿ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೀರಿ, ಅದಕ್ಕೆ ಅದರ ಐದರಲ್ಲೊಂದು ಪಾಲು ಸೇರಿಸಿ. ಕಡಲು ಅಷ್ಟು ಮೈಲಿ ಕಾಣುತ್ತೆ. ಅದರಾಚೆಯದು ಭೂಮಿಯ ಬಾಗಿನ ಹಿಂದೆ," ಎಂದರು ಮೇಷ್ಟರು. ಭೂಮಿಯನ್ನು ದೇವರು ಯಾಕೆ ಗುಂಡಗೆ ಮಾಡಿದನೆಂಬುದು ಅಜರಾಯನಿಗೆ ಆವತ್ತು ಅರ್ಥವಾಯಿತು.

ಮಾರನೇ ಬೆಳಿಗ್ಗೆ ಅವನು ಅಡುಗೆಮನೆ ಕಿಟಕಿಯಿಂದ ಗಾಳದ ದಾರಕ್ಕೆ ಸೀಸ ಕಟ್ಟಿ ಕೆಳಗಿನ ನೀರಿಗೆ ಇಳಿಬಿಡುತ್ತಿದ್ದ.

"ಒಲೆ ಮುಂದೆ ಕೂತೇ ಮೀನ್ ಹಿಡಿಯೋ ಕಾಲ ಬಂತಾ?" ಎಂದಳು ಫೀನಾ.

"ಆಳ ಎಷ್ಟಿದೆ ನೋಡ್ತಿದೀನಿ."

"ಇಷ್ಟ್ ವರ್ಷ ಆದ್ಮೇಲೆ, ಹಾರ್ಕೊಳಕ್ಕಾ?"

ಮೂವತ್ತಾರು ಅಡಿ ಬಂತು. ವರ್ಗಮೂಲ ಆರು. ಐದರಲ್ಲೊಂದು ಪಾಲು ಸೇರಿಸಿದರೆ ಏಳು ಮೈಲಿ ಚಿಲ್ಲರೆ. ಮಂಜುಗಡ್ಡೆ ಕರಗಿ ದೋಣಿ ಇಳಿದ ಮೊದಲ ವಾರ ಅಜರಾಯ ಎಂಟು ಮೈಲಿ ದೂರ ಹೋಗಿ, ಲಂಗರು ಬಿಟ್ಟು, ಲೋಕದ ಕಣ್ಣು ತಪ್ಪಿಸಿದ ಸಂತೋಷದಲ್ಲಿ ಗೊರಕೆ ಹೊಡೆದ. ಸಂಜೆ ಬಂದರೆ ಫೀನಾ ಬಾಗಿಲಲ್ಲೇ ನಿಂತಿದ್ದಳು.

"ಕಡಲ್ ಮೇಲೆ ಇಡೀ ದಿನ ಒಂದ್ ಕೋಲು ನಿಂತಿತ್ತು. ಅದ್ರ ಕೆಳಗೆ ದೋಣಿ ಅಂಚೂ ಕಾಣ್ತಿತ್ತು. ಆಳ್ ಎಲ್ಲಿದ್ದ?"

ಅವನು ಊಟ ಬಿಟ್ಟು ಮೇಷ್ಟರ ಮನೆಗೆ ಓಡಿದ. ಮೇಷ್ಟರು ನಕ್ಕರು. ನೋಡುವವರಿಗೆ ಎತ್ತರವಿರುವ ಹಾಗೆ ನೋಡಿಸಿಕೊಳ್ಳುವುದಕ್ಕೂ ಎತ್ತರವಿರುತ್ತದೆ, ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು ಎಂದರು. ಪಾಠದ ಆ ಅರ್ಧದ ಹೊತ್ತಿಗೆ ಅಜರಾಯ ಮತ್ತೆ ನಿದ್ದೆ ಹೋಗಿದ್ದ.

ಎಂಜಿನ್ನು ಇದೆಯಲ್ಲ ಎಂದು ಮುಂದಿನ ಸಲ ಹಾಯಿ ಕಟ್ಟುವ ಪಟಸ್ತಂಭ ಬಿಚ್ಚಿ ಮಲಗಿಸಿದ. ದೋಣಿಯ ಅಂಚು ನಾಲ್ಕಡಿ, ವರ್ಗಮೂಲ ಎರಡು, ಚಿಲ್ಲರೆ ಸೇರಿ ಎರಡೂವರೆ ಮೈಲಿಗೆ ಸ್ವಲ್ಪ ಕಮ್ಮಿ. ಎಲ್ಲ ಕೂಡಿಸಿ ಒಂಬತ್ತೂವರೆ ದಾಟಿ ಮಲಗಿದ. ಆ ವಾರ ಅವನು ಮಲಗಿದ ಹಾಗೆ ಕೋವಿನ ಯಾವ ಗಂಡಸೂ ಮದುವೆಯಾದ ಮೇಲೆ ಮಲಗಿಲ್ಲ.

ಫೀನಾ ಸುಮ್ಮನಿರುವ ಪೈಕಿಯಲ್ಲ. ದೋಣಿ ಕಣ್ಣಿಗೆ ತಪ್ಪಿದ್ದೇ ಅವಳು ದುರ್ಬೀನು ತೆಗೆದುಕೊಂಡು ಮಹಡಿಯ ಮಲಗುವ ಕೋಣೆಗೆ ಹತ್ತಿದಳು. ಸಿಕ್ಕಿಬಿದ್ದ ಅಜರಾಯ ಒಂದು ಮೈಲಿ ಹೆಚ್ಚು ಮುಂದೆ ಹೋದ. ಆಗ ಅವಳು, "ಮಾಳಿಗೆ ಮೇಲೊಂದು ಅಟ್ಟಣೆ ಕಟ್ಕೊಡು, ಬೆರ್ರಿ ಒಣಗಿಸ್ಬೇಕು," ಎಂದಳು. ಗಂಡ ಶಿಳ್ಳೆ ಹಾಕುತ್ತ ಅಟ್ಟಣೆ ಕಟ್ಟಿದ, ಹೊರಗಿನಿಂದ ಏಣಿ ಇಟ್ಟ, ಅವಳು ಬೀಳಬಾರದೆಂದು ಸುತ್ತ ಕಟಾಂಜನವನ್ನೂ ಕೂರಿಸಿದ. ಅವನ ಅಕ್ಕರೆಗೆ ಯಾರೂ ಕುಂದು ಹೇಳುವಂತಿಲ್ಲ. ಬೆರ್ರಿಯ ಒಂದು ಕಾಳೂ ಅದರ ಮೇಲೆ ಒಣಗದೆ, ಅವಳ ಸ್ಕರ್ಟು ಗಾಳಿಗೆ ಹಾರುವುದನ್ನು ಕಂಡ ದಿನ ತನ್ನ ಗುಂಡಿಯನ್ನು ತಾನೇ ತೋಡಿಕೊಂಡೆನೆಂದು ಹಣೆ ಚಚ್ಚಿಕೊಂಡ. ಅಟ್ಟಣೆಯ ಮೇಲೆ ಅವಳ ಕಣ್ಣು ನೀರಿನಿಂದ ಅರವತ್ತನಾಲ್ಕು ಅಡಿ. ಮತ್ತೆ ಕೂಡಿಸಿದ. ಹನ್ನೆರಡು ಮೈಲಿ ಬಂತು.

ಹನ್ನೆರಡು ಮೈಲಿಯಲ್ಲಿ ಇರುವುದು ಪಾದ್ರಿಹಾಸಿಗೆ ಎನ್ನುವ ಮುಳುಗು ದಿಬ್ಬ. ಅಷ್ಟು ದೂರ ನಮ್ಮ ಸಣ್ಣ ದೋಣಿಗಳು ಹೋಗುತ್ತಿರಲಿಲ್ಲ. ಅಲ್ಲಿಯ ಮೀನುಗಳಿಗೆ ಮನುಷ್ಯರ ಪರಿಚಯವಿರಲಿಲ್ಲ. ಅಜರಾಯ ಲೋಕಾರೂಢಿಗೆಂದು ಒಂದು ಗಾಳ ಬಿಟ್ಟು, ದಾರವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗಿದರೆ, ಕಣ್ಣು ಹತ್ತುವ ಮೊದಲೇ ಹೆಬ್ಬೆರಳು ಕಿತ್ತುಬರುವ ಹಾಗೆ ಜಗ್ಗುತ್ತಿತ್ತು. ಬೈಯುತ್ತ ಎದ್ದು ಎಳೆಯುವುದು, ಮತ್ತೆ ಮಲಗುವುದು, ಮತ್ತೆ ಜಗ್ಗು. ಸಂಜೆಗೆ ದೋಣಿ ಅಂಚಿನವರೆಗೆ ತುಂಬಿರುತ್ತಿತ್ತು. ಎರಡೇ ಬೇಸಗೆಯಲ್ಲಿ ಅವನ ಹೆಸರು ಸುತ್ತಲ ಊರುಗಳಿಗೆಲ್ಲ ಹಬ್ಬಿತು. ಪಾದ್ರಿಗಳು ಪೀಠದಿಂದ ಅವನನ್ನು ಬೆರಳು ಮಾಡಿ ತೋರಿಸಿ, ನಾವು ಮಲಗಿರುವಾಗ ಈ ಮನುಷ್ಯ ಎಲ್ಲಿರುತ್ತಾನೆ ಯೋಚಿಸಿ ಎಂದರು. ಫೀನಾ ಮೀನು ಸೀಳಿ ಉಪ್ಪು ಹಚ್ಚಿ ಕೈ ಬಿರಿದುಕೊಂಡಳು, ಆದರೂ ಆ ಭಾನುವಾರ ಅವಳ ಕತ್ತು ಸ್ವಲ್ಪ ಎತ್ತರವೇ ಇತ್ತು.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಪಕ್ಕದ ಮನೆಯ ಕೈಮ್ ಬ್ಲಾಗ್ಡನ್ ಒಂದು ದಿನ ಅವನನ್ನು ಬಲೆಗಳ ಹಿಂದಕ್ಕೆ ಕರೆದುಕೊಂಡು ಹೋಗಿ ಅಂಗೈಯಲ್ಲಿ ಒಂದು ಕಟ್ಟು ಹೊಗೆಸೊಪ್ಪು ಇಟ್ಟ.

"ನಮ್ಮನೆ ಕಿಟಕೀಗೆ ಎಷ್ಟಾಗುತ್ತೆ, ಅಜ್?"

"ಎಷ್ಟ್ ಏನು?"

"ನಾಟ್ಕ ಬಿಡು ಮಾರಾಯ. ಸೆಲೀನಾ ಕಣ್ಣಿಂದ ಆಚೆ ಹೋಗಕ್ಕೆ ಎಷ್ಟ್ ಮೈಲಿ?"

ವಿದ್ಯೆ ಬಲ್ಲವನು ಹಂಚಿಕೊಳ್ಳದಿದ್ದರೆ ಹೇಗೆ! ಆ ವಸಂತದಲ್ಲಿ ನಮ್ಮ ಕೋವಿನ ಗಂಡಸರೆಲ್ಲ ತಂತಮ್ಮ ಕಿಟಕಿಗಳಿಂದ ದಾರ ಇಳಿಬಿಡುವವರೇ. ಅಜರಾಯ ಮನೆಮನೆಗೆ ಮೈಲಿ ಹಂಚಿದ. ಬೋಳುಗುಡ್ಡದ ಮೇಲೆ ಮನೆ ಕಟ್ಟಿದ್ದವನಿಗೆ ಮಾತ್ರ, "ನಿಂಗೆ ಕಡಲಾಚೆ ಪೋರ್ಚುಗಲ್ಲೇ ಗತಿ ಕಣೋ," ಎಂದು ಕೈಚೆಲ್ಲಿದ.

ಕೈಮನ ಹೆಂಡತಿ ಸೆಲೀನಾಳ ದನಿ, ಮಂಜು ಕವಿದಾಗ ದೋಣಿಗಳಿಗೆಂದು ಬಾರಿಸುವ ನಮ್ಮ ಊರಿನ ಗಂಟೆಗಿಂತ ದೊಡ್ಡದು. ಗಂಡನ ಬಾಯಿ ಬಿಡಿಸಲು ಅವಳಿಗೆ ಒಂದು ಹೊತ್ತಿನ ಊಟ ಸಾಕಾಯಿತು. ಮೀನು ಸೀಳುವ ಕಟ್ಟೆಯ ಮೇಲೆ ಊರಿನ ಹೆಂಗಸರೆಲ್ಲ ಇದ್ದಾಗ ಅಜರಾಯ ಬಂದು ದೋಣಿ ಕಟ್ಟಿದ.

"ಬಂದ್ರಪ್ಪಾ ನಮ್ ಮೇಷ್ಟ್ರು!" ಎಂದಳು ಸೆಲೀನಾ. "ಲೆಕ್ಕದ್ ಮೇಷ್ಟ್ರೇ, ಹೆಂಡ್ತಿ ಮುಖ ಕಾಣ್ದೆ ಇರಕ್ಕೆ ಹನ್ನೆರಡ್ ಮೈಲಿ ಬೇಕಂತೆ ನಿಮ್ಗೆ? ಫೀನಾ, ಅಷ್ಟ್ ಕೆಟ್ದಾಗಿದ್ಯೇನೇ ನೀನು?"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೀನಾ ನಗಲಿಲ್ಲ. ಚಾಕು ಒರೆಸಿ, ಮೀನಿನ ಕೆಲಸದ ಮೇಲುಡುಪು ಬಿಚ್ಚಿ, ಮನೆಗೆ ನಡೆದಳು.

ಅವಳು ಕೂಗಾಡಿದ್ದರೆ ಅಜರಾಯ ತಪ್ಪೊಪ್ಪಿಕೊಳ್ಳುತ್ತಿದ್ದ. ಅವಳು ಸುಮ್ಮನೆ ಕೂತದ್ದರಿಂದ ಅವನಿಗೇ ಸಿಟ್ಟು ಬಂತು. ತಪ್ಪು ಮಾಡಿದವನ ಸಿಟ್ಟಿಗೆ ಬರುವಷ್ಟು ಮಾತು ಯಾವ ಸಿಟ್ಟಿಗೂ ಬರುವುದಿಲ್ಲ.

"ನೀನ್ ನೋಡೋದಲ್ಲ ಕಣೆ, ಕಾವಲ್ ಕಾಯೋದು! ಜೈಲಲ್ಲಿ ಕಾವಲಿನೋನೂ ಒಂದ್ ಗಳಿಗೆ ಆ ಕಡೆ ತಿರುಗ್ತಾನೆ. ಒಬ್ಬ ಗಂಡಸು ತನ್ ದೋಣೀಲಿ ತಾನು ಕಣ್ ಮುಚ್ಚಕ್ಕೆ ಹನ್ನೆರಡ್ ಮೈಲಿ ಹೋಗ್ಬೇಕಾ? ನಾನ್ ಬೇರೇನೂ ಕೇಳಲ್ಲ. ನೋಡ್ಬೇಡ. ಅಷ್ಟೇ. ನೋಡ್ಬೇಡ!"

ಫೀನಾ ಅವನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಮನೆಯ ಬೈಬಲ್ ತಂದು ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟಳು.

"ಇವತ್ತಿಂದ ನೀನು ಹೋದ್ಮೇಲೆ ನಾನು ಕಡಲ್ ಕಡೆ ನೋಡಲ್ಲ. ಮಾಳಿಗೆಯಿಂದಾನೂ ಇಲ್ಲ, ಮಹಡಿಯಿಂದಾನೂ ಇಲ್ಲ, ಈ ಕಿಟಕಿಯಿಂದಾನೂ ಇಲ್ಲ. ಸಾಕಾ?"

"ನಾನೇನ್ ಪ್ರಮಾಣ ಮಾಡು ಅಂದ್ನಾ..."

"ಸಾಕಾ?"

"ಸಾಕು," ಎಂದ ಅಜರಾಯ.

ಮಾರನೇ ದಿನ ಅವಳು ದುರ್ಬೀನನ್ನು ಸೆಲೀನಾಳಿಗೆ ಕೊಟ್ಟಳು, ಅಟ್ಟಣೆಯನ್ನೂ ಬೇಕಾದಾಗ ಹತ್ತಿಕೋ ಎಂದಳು. ಗಂಡನ ಮೇಲೆ ಹೊಸದಾಗಿ ಅನುಮಾನ ಶುರುವಾಗಿದ್ದ ಸೆಲೀನಾಳಿಗೆ ಎರಡೂ ಬೇಕಾಗಿದ್ದವು.

ಅಜರಾಯನಿಗೆ ಸ್ವಾತಂತ್ರ್ಯ ಬಂತು. ಈಗ ಅವನು ಕಟ್ಟೆಯಿಂದ ಕಲ್ಲೆಸೆಯುವ ದೂರದಲ್ಲೇ ಮಲಗಬಹುದಿತ್ತು. ಮಲಗಿದ. ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಟೋಪಿ ಸರಿಸಿ ಮನೆಯ ಕಡೆ ನೋಡಿದ. ಕಿಟಕಿ ಇತ್ತು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಸಂಜೆ ಮನೆಗೆ ಬಂದರೆ ಎಂಜಿನ್ನಿನ ಸದ್ದು ಕೇಳಿದ ಮೇಲೆ ಏರಿಸಿದ ಕೆಟಲು ಇನ್ನೂ ಗುನುಗುತ್ತಿರುತ್ತಿತ್ತು. ತಣ್ಣಗಿನ ಮೇಜಿನ ಮುಂದೆ ಕೂತು ಕಾಯಬೇಕಾಗಿತ್ತು. ಬೇಡವೆಂದು ಜಗಳವಾಡಿ ಬಿಡಿಸಿಕೊಂಡದ್ದನ್ನು ಮತ್ತೆ ಬೇಕೆಂದು ಕೇಳಲು ಅವನಿಗೆ ನಾಲಿಗೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಮತ್ತೆ ಪಾದ್ರಿಹಾಸಿಗೆಗೆ ಹೊರಟ. ಅಲ್ಲಾದರೂ ನಿದ್ದೆ ಬಂದೀತೆಂಬ ಆಸೆ. ದಿಬ್ಬ ಇನ್ನೂ ಒಂದು ಮೈಲಿ ಇರುವಾಗಲೇ ಎಂಜಿನ್ನು ಒಂದು ಸಲ ಸೀನಿ ನಿಂತುಹೋಯಿತು. ಎಷ್ಟು ತಿರುಗಿಸಿದರೂ ಏಳಲಿಲ್ಲ. ನೆಲದ ಕಡೆಯಿಂದ ಗಾಳಿ ಎದ್ದಿತ್ತು. ಲಂಗರು ಬಿಟ್ಟರೆ ಅಲ್ಲಿ ಅದಕ್ಕೆ ತಳ ಸಿಗಲಿಲ್ಲ. ಹಾಯಿ ಹಾಕೋಣವೆಂದರೆ ಪಟಸ್ತಂಭ ಮನೆಯ ಹಿತ್ತಿಲಲ್ಲಿ ಮಲಗಿತ್ತು. ಅದನ್ನು ಬಿಟ್ಟು ಬರುವುದು ಈಗ ಅಭ್ಯಾಸವಾಗಿತ್ತು. ಹುಟ್ಟು ಹಾಕಲು ಹೋಗಿ ಒಂದು ಹುಟ್ಟನ್ನು ಅಲೆ ಕಿತ್ತುಕೊಂಡಿತು.

ತೊಂದರೆಯಲ್ಲಿರುವವನು ಹುಟ್ಟಿಗೆ ಅಂಗಿ ಕಟ್ಟಿ ಎತ್ತುವುದು ನಮ್ಮಲ್ಲಿಯ ರೂಢಿ. ಅಜರಾಯನ ಅಂಗಿ ಕಡಲಿನ ಬಣ್ಣದ್ದೇ. ಮೈಮೇಲೆ ಎದ್ದು ಕಾಣುವಂಥದ್ದು ಒಂದೇ ಇತ್ತು, ಒಳಗಿನ ಕೆಂಪು ಉಣ್ಣೆಯ ಉದ್ದ ಚಡ್ಡಿ. ಅವನು ಪ್ಯಾಂಟು ಬಿಚ್ಚಿ, ಚಡ್ಡಿ ಬಿಚ್ಚಿ, ಚಳಿಗೆ ನಡುಗುತ್ತ ಪ್ಯಾಂಟು ಮತ್ತೆ ಹಾಕಿಕೊಂಡು, ಉಳಿದ ಹುಟ್ಟಿನ ತುದಿಗೆ ಚಡ್ಡಿ ಕಟ್ಟಿ, ದೋಣಿಯ ನಡುವೆ ನಿಂತು ಎತ್ತಿ ಹಿಡಿದ. ಹಿಡಿದ ಮೇಲೆ ಲೆಕ್ಕ ತಾನಾಗಿಯೇ ಬಂತು, ಬೇಡವೆಂದರೂ ಬಂತು. ನೀರಿನಿಂದ ಚಡ್ಡಿಯ ಎತ್ತರ ಹದಿನಾರು ಅಡಿ. ವರ್ಗಮೂಲ ನಾಲ್ಕು, ಚಿಲ್ಲರೆ ಸೇರಿ ಐದಕ್ಕೆ ಸ್ವಲ್ಪ ಕಮ್ಮಿ. ಅಡುಗೆಮನೆಯ ಏಳು ಚಿಲ್ಲರೆ ಕೂಡಿಸಿದರೆ ಹನ್ನೆರಡು ಮೈಲಿ. ತಾನಿರುವುದು ಹನ್ನೊಂದರಲ್ಲಿ. ಕಿಟಕಿಗೆ ಕಾಣುತ್ತೇನೆ. ಈಗ ಅವಳು ತಲೆಯೆತ್ತಿದರೆ ಸಾಕು.

ಆದರೆ ಅವಳು ತಲೆಯೆತ್ತುವವಳಲ್ಲ. ಫೀನಾ ಮಾತು ಕೊಟ್ಟರೆ ಕೊಟ್ಟಳು. ಇಷ್ಟು ವರ್ಷದಲ್ಲಿ ಅವಳು ಒಂದು ಸುಳ್ಳು ಹೇಳಿದ್ದನ್ನು ಅವನು ಕೇಳಿರಲಿಲ್ಲ, ಬೆರ್ರಿಯ ವಿಷಯ ಬಿಟ್ಟರೆ. "ದೇವ್ರೇ, ಇವತ್ತೊಂದ್ ದಿನ ನನ್ ಹೆಂಡ್ತೀನ ಸುಳ್ಳುಗಾತಿ ಮಾಡಪ್ಪಾ," ಎಂದು ಅಜರಾಯ ಗಟ್ಟಿಯಾಗಿ ಬೇಡಿಕೊಂಡ.

ಗಾಳಿ ದೋಣಿಯನ್ನು ತಳ್ಳುತ್ತಲೇ ಇತ್ತು. ಪಾದ್ರಿಹಾಸಿಗೆಯ ಮೇಲೆ ನೀರಿನ ಬಣ್ಣ ತಿಳಿಯಾಗುವುದು ಅವನಿಗೆ ಗೊತ್ತಿತ್ತು. ಆ ತಿಳಿನೀರು ದೋಣಿಯ ಕೆಳಗೆ ಬಂದಾಗ ಹನ್ನೆರಡು ಮೈಲಿ ಆಯಿತು, ಅಡುಗೆಮನೆ ಹೋಯಿತು. ಲಂಗರು ದಿಬ್ಬದ ಬಂಡೆಯ ಮೇಲೆ ಉಜ್ಜುತ್ತ ಜಾರಿತೇ ಹೊರತು ಎಲ್ಲೂ ಹಿಡಿಯಲಿಲ್ಲ. ಇನ್ನು ಅವಳು ನೋಡಿದರೂ ಅಲ್ಲಿಂದ ಕಾಣಲಾರ. ತಿಳಿನೀರು ಹಿಂದೆ ಬಿದ್ದು ಬಹಳ ಹೊತ್ತಾದ ಮೇಲೆ ಮಲಗುವ ಕೋಣೆಯೂ ಹೋಗಿರಬೇಕು ಅನಿಸಿತು. ಉಳಿದದ್ದು ಮಾಳಿಗೆಯ ಅಟ್ಟಣೆ ಒಂದೇ, ಅದಕ್ಕೂ ಒಂದು ಮೈಲಿಯೋ ಅರ್ಧ ಮೈಲಿಯೋ. ಅವನ ತೋಳು ಮರಗಟ್ಟಿತ್ತು. ಹುಟ್ಟನ್ನು ಒಂದಡಿ ಇಳಿಸಿದರೆ ಎಷ್ಟು ದೂರ ಕಳೆಯುತ್ತದೆಂದೂ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು ಅತ್ತ.

ಅವನನ್ನು ಉಳಿಸಿದ್ದು ಅವನ ವಿದ್ಯೆಯೇ, ಆದರೆ ಅವನು ನೆನೆಸಿದ ದಾರಿಯಲ್ಲಲ್ಲ. ಹೊತ್ತು ಇಳಿಯುವ ಮುಂಚೆ ಎಂಜಿನ್ನಿನ ಸದ್ದು ಕೇಳಿಸಿತು. ಕೈಮನ ಇಬ್ಬರು ತಮ್ಮಂದಿರು ದೋಣಿ ತಂದಿದ್ದರು. ಹತ್ತಿರ ಬಂದು ನೋಡಿದವರ ಮುಖ ಸಪ್ಪಗಾಯಿತು.

"ಅಯ್ಯೋ, ಇವ್ನು ಕೈಮ್ ಅಲ್ವಲ್ಲೋ!"

"ಅತ್ಗೆ ಒದ್ದು ಎಳ್ಕೊಂಬನ್ನಿ ಅಂದಿದ್ಲು. ಇವ್ನಿಗೆ ಒದೀಬೋದಾ?"

"ಚಡ್ಡಿ ಇಳ್ಸಪ್ಪಾ ಅಜ್, ಸಾಕು. ಊರೆಲ್ಲಾ ನೋಡಾಯ್ತು."

ಆಗಿದ್ದು ಇಷ್ಟು. ಗಂಡ ಎಲ್ಲಿ ಮಲಗಿದ್ದಾನೆಂದು ಹುಡುಕಲು ಸೆಲೀನಾ ದುರ್ಬೀನು ಹಿಡಿದು ಫೀನಾಳ ಮಾಳಿಗೆ ಹತ್ತಿದ್ದಳು. ಕಡಲಂಚಿನಲ್ಲಿ ಕೆಂಪು ಚುಕ್ಕೆ ಕಂಡಿತು. ಇಷ್ಟು ನಾಚಿಕೆಗೆಟ್ಟವನು ತನ್ನ ಗಂಡನೇ ಇರಬೇಕೆಂದು ಮೈದುನರನ್ನು ಓಡಿಸಿದಳು. ಕೈಮ್ ಆ ಹೊತ್ತಿನಲ್ಲಿ ಪಕ್ಕದ ನಡುಗಡ್ಡೆಯ ಮರೆಯಲ್ಲಿ, ಅಜರಾಯ ಹಾಕಿಕೊಟ್ಟ ಮೈಲಿ ಬಹಳವಾಯಿತೆಂದು ಅಷ್ಟು ದೂರ ಹೋಗದೆ, ಸುಖವಾಗಿ ಮಲಗಿದ್ದ.

ಕಟ್ಟೆಯ ಮೇಲೆ ಸೆಲೀನಾ ಕಾದಿದ್ದಳು. ದೋಣಿಯಿಂದ ಇಳಿದವನನ್ನು ಕಂಡು ಮೊದಲ ಸಲ ಅವಳ ದನಿ ತಗ್ಗಿತು.

"ನೀನಾ? ನೀನಾ ಅದು? ಅಯ್ಯೋ ದೇವ್ರೇ. ನಾನ್ ಮೇಲಿಂದ ಕೂಗ್ದೆ ಕಣೋ. ಯಾವನೋ ಕೆಂಪ್ ಚಡ್ಡಿ ಬೀಸ್ತಿದಾನೆ, ಬಂದ್ ನೋಡೇ ಫೀನಾ ಅಂತ. ಬರ್ಲಿಲ್ಲ. ಕೆಳಗಿಂದಾನೇ ಕೇಳಿದ್ಲು, ಮಂಡಿ ಹತ್ರ ತೇಪೆ ಇದ್ಯಾ ಅಂತ. ಅಷ್ಟ್ ದೂರಕ್ಕೆ ತೇಪೆ ಕಾಣುತ್ತೇನೇ ಅಂತ ಬೈದೆ ನಾನು. ಹೋಗು, ಬೇಗ ಹೋಗು ನೀನು."

ಅಜರಾಯನ ಚಡ್ಡಿಗೆ ಮಂಡಿಯ ಹತ್ತಿರ ತೇಪೆ ಇತ್ತು.

ಅಡುಗೆಮನೆಯಲ್ಲಿ ಫೀನಾ ಕಿಟಕಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದಳು. ಒಲೆಯ ಮೇಲೆ ಕೆಟಲು ನೀರೆಲ್ಲ ಆರಿ ತಳ ಕಪ್ಪಾಗಿತ್ತು. ಕುರ್ಚಿಯ ಕೈಗಳನ್ನು ಹಿಡಿದ ಅವಳ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಬೇಕಾಯಿತು.

"ಕೇಳುಸ್ತು ತಾನೇ ನಿಂಗೆ? ಸೆಲೀನಾ ಕೂಗಿದ್ದು?"

"ಕೇಳುಸ್ತು."

"ಒಂದ್ ಸಲ ತಿರುಗ್ಬಾರ್ದಾಗಿತ್ತಾ?"

"ನೋಡಲ್ಲ ಅಂದಿದ್ದೆ."

"ಫೀನಾ, ಆ ಮಾತು ನಾನ್ ತಗೊಂಡಿದ್ದು. ವಾಪಸ್ ಕೊಡ್ತಿದೀನಿ. ತಗೋ."

"ಅದನ್ನ ಕೊಟ್ಟಿದ್ದು ನಿಂಗಲ್ಲ," ಎಂದು ಅವಳು ಮೇಜಿನ ಮೇಲಿನ ಬೈಬಲ್ಲಿನ ಕಡೆ ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಅಪ್ಪನ ಹಡಗು ಹೋಗೋವಾಗ ನಾನು ಬಂಡೆ ಮೇಲೆ ನಿಂತಿದ್ದೆ. ಹಡಗಿನ ಮೈ ಮುಳುಗಿತ್ತು, ಹಾಯಿ ಇನ್ನೂ ಕಾಣ್ತಿತ್ತು. ಹೋಗೋ ಹಡಗನ್ನ ಕಣ್ಮರೆ ಆಗೋವರ್ಗೂ ನೋಡ್ಬಾರ್ದು, ಅಪಶಕುನ, ನೋಡ್ಬೇಡ ಬಾ ಅಂತ ಅಜ್ಜಿ ಕೈ ಹಿಡ್ದು ಎಳೆದ್ಲು. ನಾನು ತಿರುಗ್ದೆ. ಅಷ್ಟೇ ನನ್ಗೆ ಅಪ್ಪ. ನೋಡ್ಬೇಡ ಅಂದವ್ರಲ್ಲಿ ನೀನು ಎರಡನೆಯೋನು."

ಅಜರಾಯ ಅವಳ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತ.

ಮಾತು ಮುರಿಯುವವಳಲ್ಲ, ಮುರಿ ಎಂದು ಬಲವಂತ ಮಾಡಲು ಅವನಿಗೂ ಧೈರ್ಯವಿರಲಿಲ್ಲ. ಪಾದ್ರಿಗಳು ಪ್ರಮಾಣದಿಂದ ಬಿಡುಗಡೆ ಕೊಡುತ್ತೇನೆಂದರೂ ಅವಳು ಒಪ್ಪಲಿಲ್ಲ. ಕೊನೆಗೆ ಅಜರಾಯ, ಮಂಜಿನಲ್ಲಿ ದೋಣಿಗಳು ಒಂದಕ್ಕೊಂದು ತಾಗದಿರಲು ಊದುವ ಶಂಖವಿದೆಯಲ್ಲ, ಅದನ್ನು ದೋಣಿಗೆ ತಂದಿಟ್ಟುಕೊಂಡ. ಬಿಸಿಲು ಚೆಲ್ಲಿದ ದಿನವೂ ಅಡುಗೆಮನೆಗೆ ಕೇಳಿಸುವಷ್ಟೇ ದೂರದಲ್ಲಿ ಲಂಗರು ಬಿಟ್ಟು, ಮತ್ತೆ ಮತ್ತೆ ಊದುತ್ತಿದ್ದ. ಹೊಸಬರು ಕಂಡು ತಲೆ ಕೆಟ್ಟವನೆಂದುಕೊಂಡರು. ಅಷ್ಟು ಹತ್ತಿರದಲ್ಲಿ ಒಳ್ಳೇ ಮೀನು ಸಿಗುವುದಿಲ್ಲ, ಸಿಗುವವೂ ಶಂಖಕ್ಕೆ ಹೆದರಿ ಓಡುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಮೀನು ತರುತ್ತಿದ್ದವನು ಎಲ್ಲರಿಗಿಂತ ಕಮ್ಮಿ ತಂದ. ನಿದ್ದೆಯ ಮಾತಂತೂ ಕೇಳಲೇಬೇಡಿ. ಊದುವುದು ನಿಂತರೆ ಅವಳು ಏನಾಗುತ್ತಾಳೆಂದು ನೆನೆದರೇ ಅವನ ಕಣ್ಣು ತೆರೆದುಕೊಳ್ಳುತ್ತಿತ್ತು. ಪಾದ್ರಿಗಳು ಪೀಠದಿಂದ ಬೇರೆ ಯಾರನ್ನೋ ತೋರಿಸತೊಡಗಿದರು.

ಹೀಗೆ ಇಬ್ಬರೂ ಮುದುಕರಾದರು. ಒಂದು ಆಗಸ್ಟಿನ ಮಧ್ಯಾಹ್ನ, ಗಾಳಿಯಿಲ್ಲದ ಹೊತ್ತಿನಲ್ಲಿ, ಶಂಖ ನಿಂತುಹೋಯಿತು. ಅಡುಗೆಮನೆಯಲ್ಲಿ ಸೆಲೀನಾಳ ಜೊತೆ ಕೂತು ಬಟಾಣಿ ಬಿಡಿಸುತ್ತಿದ್ದ ಫೀನಾಳ ಕೈ ನಿಂತಿತು. ಇಬ್ಬರೂ ಕಾದರು. ಇನ್ನಷ್ಟು ಕಾದರು. ಸೆಲೀನಾ ಏಳಲು ಹೋದರೆ ಫೀನಾ ಅವಳ ತೋಳು ಹಿಡಿದು ಕೂರಿಸಿ, ತಾನೇ ಎದ್ದಳು. ಮೇಜಿನ ಮೇಲಿನ ಬೈಬಲ್ಲಿ‍ನ ಮೇಲೆ ಕೈಯೊರೆಸುವ ಬಟ್ಟೆ ಮುಚ್ಚಿದಳು. ಮುಚ್ಚಿ, ತಿರುಗಿ, ಕಿಟಕಿಯ ಹೊರಗೆ ನೋಡಿದಳು.

ಅಜರಾಯ ದೋಣಿಯ ತಳದಲ್ಲಿ ಅಂಗಾತ ಮಲಗಿದ್ದ. ಟೋಪಿ ಮುಖದ ಮೇಲಿತ್ತು. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು.

"ಸತ್ತಿಲ್ಲ ಕಣೇ! ಮಲಗಿದಾನೆ, ಮುಂಡೇದು! ಕೂಗ್ಲಾ?" ಎಂದಳು ಸೆಲೀನಾ.

"ಬಾಯ್ ಮುಚ್ಚು," ಎಂದಳು ಫೀನಾ. "ಎಷ್ಟ್ ವರ್ಷ ಆಯ್ತು ಪಾಪ ಮಲಗಿ."

ಅವಳು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಬಿಸಿಲು ಇಳಿದು ಅವನು ಗಡಬಡಿಸಿ ಎದ್ದು ಶಂಖಕ್ಕೆ ತಡಕಾಡುವವರೆಗೂ ಕಣ್ಣು ಕೀಳದೆ ನೋಡಿದಳು. ಅವನು ಊದಿದಾಗ ಎದ್ದು ಕುರ್ಚಿಯನ್ನು ಹಿಂದಿನ ಜಾಗಕ್ಕೆ ಸರಿಸಿ, ಕಿಟಕಿಗೆ ಬೆನ್ನು ಹಾಕಿ ಕೂತು, ಬಟಾಣಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಳು. ಅವನಿಗೆ ಹೇಳಕೂಡದೆಂದು ಸೆಲೀನಾಳಿಂದ ಮಾತು ತೆಗೆದುಕೊಂಡಳು. ಸೆಲೀನಾ ಊರಿಗೆಲ್ಲ ಹೇಳಿದಳು, ಅವನೊಬ್ಬನಿಗೆ ಮಾತ್ರ ಹೇಳಲಿಲ್ಲ.